ಮಾಳಿಗೆಯ ಮೇಲಿನ ಒಲೆ

ನಿವೃತ್ತಿಯ ದಿನ ಶಾಂತಲಿಂಗಪ್ಪ ಸ್ನಾನ ಮಾಡದೆ ಮನೆಯೊಳಗೆ ಬಂದ.

ಬೇರೆಯವರ ಮನೆಯಲ್ಲಿ ಇದೊಂದು ಸುದ್ದಿಯೇ ಅಲ್ಲ. ಸೋಲಾಪುರದ ಹೋಟಗಿ ರಸ್ತೆಯ ಈ ಮನೆಯಲ್ಲಿ ಮಾತ್ರ ದೊಡ್ಡ ಸುದ್ದಿ. ಮೂವತ್ತು ವರ್ಷ ಅವನು ಡ್ಯೂಟಿ ಮುಗಿಸಿ ಬಂದವನೇ ಹಿತ್ತಲಿಗೆ ಹೋಗಿ, ತಲೆಯ ಮೇಲೆ ನೀರು ಸುರಿದುಕೊಂಡು, ಬಟ್ಟೆ ಬದಲಿಸಿ, ಆಮೇಲೆ ಹೊಸ್ತಿಲು ದಾಟಿದವನು. ಚಳಿ ಇರಲಿ, ಜ್ವರ ಇರಲಿ, ಅದಕ್ಕೆ ವಿನಾಯಿತಿ ಇರಲಿಲ್ಲ. ಸೋಲಾಪುರದಲ್ಲಿ ನಳಕ್ಕೆ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಕುಡಿಯುವುದಕ್ಕೆ ಕಡಿಮೆ ಬಿದ್ದರೂ ಅವನ ಸ್ನಾನದ ಎರಡು ಕೊಡ ಮಾತ್ರ ಹಿತ್ತಲಲ್ಲಿ ಬೇರೆ ಇರುತ್ತಿದ್ದವು.

ಆ ದಿನ ಕೊರಳಲ್ಲಿ ಚೆಂಡುಹೂವಿನ ಹಾರ, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ. ಹೆಂಡತಿ ಶಾರದಾಬಾಯಿ ಬಾಗಿಲಲ್ಲೇ ನಿಂತಿದ್ದಳು.

“ಹಿತ್ತಲದಾಗ ನೀರು ಇಟ್ಟೀನ್ರಿ.”

“ಗಿಡಕ್ಕ ಹಾಕು,” ಎಂದು ಶಾಂತಲಿಂಗಪ್ಪ ಅವಳನ್ನು ದಾಟಿ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತ. ಶಾರದಾಬಾಯಿ ಆ ಕುರ್ಚಿಯನ್ನು ಮರುದಿನ ತೊಳೆದಳು.

ಅವನು ರೈಲ್ವೆಯಲ್ಲಿ ಅಡುಗೆಯವನಾಗಿದ್ದ. ರೈಲು ಓಡಿಸಿಕೊಂಡು ಬೇರೆ ಊರಿಗೆ ಬಂದ ಡ್ರೈವರು, ಗಾರ್ಡುಗಳು ವಾಪಸು ಗಾಡಿ ಹಿಡಿಯುವ ತನಕ ಉಂಡು ಮಲಗುವ ಜಾಗ ಇರುತ್ತದಲ್ಲ, ರನ್ನಿಂಗ್ ರೂಮ್ ಅಂತ, ಅಲ್ಲಿ. ಮೊದಲು ವಾಡಿ, ಆಮೇಲೆ ಸೋಲಾಪುರ. ಅವನ ರನ್ನಿಂಗ್ ರೂಮಿನ ಪದ್ಧತಿಯೇ ಬೇರೆ. ಒಂದು ಹಂಡೆಯಲ್ಲಿ ಬೇಯಿಸಿ ಎಲ್ಲರಿಗೂ ಬಡಿಸಿ ಕೈತೊಳೆಯುವಂತಿಲ್ಲ. ಪ್ರತಿಯೊಬ್ಬ ಡ್ರೈವರನೂ ತನಗೆ ಬೇಕಾದ ಕಾಯಿಪಲ್ಯೆ ತಾನೇ ಚೀಲದಲ್ಲಿ ತರುತ್ತಾನೆ, ಅದನ್ನು ಅವನೊಬ್ಬನಿಗೇ ಬೇರೆ ಪಾತ್ರೆಯಲ್ಲಿ ಮಾಡಿಕೊಡಬೇಕು. ಹತ್ತು ಜನ ಬಂದರೆ ಹತ್ತು ಪಾತ್ರೆ. ಒಬ್ಬ ಬೆಂಡೆಕಾಯಿ ತಂದರೆ ಇನ್ನೊಬ್ಬ ಹಾಗಲಕಾಯಿ ತಂದ, ಮತ್ತೊಬ್ಬ ಮೀನು ತಂದ, ಮಗದೊಬ್ಬ ಮಟನ್ ತಂದ. ಶಾಂತಲಿಂಗಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಎಲ್ಲವನ್ನೂ ಮಾಡಿಕೊಟ್ಟ. ಉಪ್ಪು ನೋಡುವುದಕ್ಕೂ ಒಂದು ತುಣುಕು ಬಾಯಿಗೆ ಹಾಕಲಿಲ್ಲ.

ಕುರನೂರಿನಲ್ಲಿ ಹೊಲಮನೆ ಇದ್ದವರು ಅವರು. ಅವನ ಅಪ್ಪ ಸಾತಲಿಂಗಪ್ಪ ಊರಲ್ಲಿ ನಾಲ್ಕು ಮಂದಿ ಕೇಳುವ ಮನುಷ್ಯ. ಮಗನಿಗೆ ರೈಲ್ವೆ ನೌಕರಿ ಸಿಕ್ಕಿತೆಂದು ಪೇಢೆ ಹಂಚಿದ. ಎಂಥ ನೌಕರಿ ಎಂದು ತಿಳಿದ ದಿನ ಎರಡು ಶರತ್ತು ಹಾಕಿದ. ಸ್ನಾನ ಮಾಡದೆ ಮನೆಯೊಳಗೆ ಕಾಲಿಡಬಾರದು, ಮನೆಯ ಒಲೆಯನ್ನು ಯಾವತ್ತೂ ಮುಟ್ಟಬಾರದು. ಊರವರಿಗೆ ಮಾತ್ರ “ನಮ್ಮ ಶಾಂತಪ್ಪ ರೇಲ್ವೆದಾಗ ಅದಾನ” ಎಂದಷ್ಟೇ ಹೇಳಿದ. ಆ ಮಾತನ್ನು ಇಡೀ ಕುಲ ಹಾಗೇ ಎತ್ತಿಕೊಂಡು ನಡೆಯಿತು. ಮುದುಕ ತೀರಿಹೋಗಿ ಎಷ್ಟೋ ವರ್ಷವಾಯಿತು, ಶರತ್ತುಗಳನ್ನು ಶಾರದಾಬಾಯಿ ಜೀವಂತ ಇಟ್ಟುಕೊಂಡಿದ್ದಳು. ಮಾವನಿಗಿಂತ ಒಂದು ಕೈ ಮೇಲಾಗಿಯೇ ಇಟ್ಟುಕೊಂಡಿದ್ದಳು.

ನಿವೃತ್ತನಾದವನು ಪೇಪರ್ ಓದಬೇಕು, ಸಿದ್ಧೇಶ್ವರ ಗುಡಿಯ ಕೆರೆ ಸುತ್ತಬೇಕು, ಮಗನಿಗೆ ಬೇಡದ ಸಲಹೆ ಕೊಡಬೇಕು. ಶಾಂತಲಿಂಗಪ್ಪನಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದು ಅಡುಗೆಮನೆ. ಎರಡನೆಯ ದಿನವೇ ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚತೊಡಗಿದ. ಶಾರದಾಬಾಯಿ ಬಂದು ಚಾಕು ಕಸಿದುಕೊಂಡಳು, ಹೆಚ್ಚಿದ ಉಳ್ಳಾಗಡ್ಡಿಯನ್ನು ಒಯ್ದು ಹೊರಗಿನ ಎಮ್ಮೆಗೆ ಹಾಕಿದಳು. ಎಮ್ಮೆ ಪಕ್ಕದ ಮನೆಯವರದು. ಅದು ಎರಡು ಮಾತಾಡದೆ ತಿಂದಿತು.

ಮನೆಯಲ್ಲಿ ಕೈ ಕಡಿಮೆ ಇದ್ದದ್ದು ನಿಜ. ಮಗ ಸಿದ್ದೇಶ್ವರ ಆಟೋ ಸ್ಪೇರ್ ಪಾರ್ಟ್ಸ್ ಅಂಗಡಿಯ ಗಲ್ಲೆ ನೋಡಿಕೊಳ್ಳುತ್ತಿದ್ದ. ಸೊಸೆ ಸುವರ್ಣಾ ಸಾಲಿ ಹುಡುಗರ ಯುನಿಫಾರ್ಮ್ ಹೊಲಿಯುವ ಕಾರಖಾನೆಯಲ್ಲಿ ಸೂಪರ್‌ವೈಸರ್. ಎಂಟಕ್ಕೆ ಮನೆ ಬಿಟ್ಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊಮ್ಮಗಳು ಪ್ರಣಿತಾಗೆ ಮರಾಠಿ ಸಾಲಿ, ಟ್ಯೂಷನ್, ಡಬ್ಬಿ. ಶಾರದಾಬಾಯಿಯ ಮೊಣಕಾಲು ಎರಡೂ ಕೈಕೊಟ್ಟಿದ್ದವು. ರೊಟ್ಟಿ ಬಡಿಯಲು ಕೂತರೆ ಏಳುವುದಕ್ಕೆ ಗೋಡೆ ಬೇಕು. ಸುವರ್ಣಾ ನಸುಕಿನಲ್ಲಿ ಎದ್ದು ಅರ್ಧ ಕೆಲಸ ಮಾಡಿಟ್ಟು ಓಡುತ್ತಿದ್ದಳು, ಉಳಿದರ್ಧವನ್ನು ಅತ್ತೆ ನರಳುತ್ತ ಮುಗಿಸುತ್ತಿದ್ದಳು. ಮೂವತ್ತು ವರ್ಷ ಸೌಟು ಹಿಡಿದ ಗಂಡಸು ಹೊರಗೆ ಖಾಲಿ ಕೈಯಲ್ಲಿ ಕೂತಿರುತ್ತಿದ್ದ. ಇದಕ್ಕಿಂತ ದೊಡ್ಡ ಹುಚ್ಚುತನ ಇನ್ನೇನಿದೆ ಎಂದು ಸುವರ್ಣಾ ಗಂಡನನ್ನು ಕೇಳಿದಳು. ಸಿದ್ದೇಶ್ವರ ಅವ್ವನ ಮುಂದೆ ಬಾಯಿ ಬಿಡುವ ಮಗನಲ್ಲ. ಮೊಬೈಲ್ ನೋಡುತ್ತ ಹೂಂ ಅಂದ.

ಒಂದು ಮುಂಜಾನೆ ಸುವರ್ಣಾಳೇ ಕೇಳಿಬಿಟ್ಟಳು. “ಅತ್ತಿ, ಮಾಮಾರು ಪಲ್ಯಾ ಅಷ್ಟ ಮಾಡ್ಲೆಲ್ರಿ. ನಿಮ್ಮ ಕಾಲಿಗಿ ಆರಾಮ ಆಗ್ತದ.”

“ನನ್ನ ಕಾಲು ಬಿದ್ದು ಹೋದ್ರೂ ತೆವಳಕೋತ ಮಾಡ್ತೀನಿ,” ಎಂದಳು ಶಾರದಾಬಾಯಿ. “ಖಂಡ ಬೇಯಿಸಿದ ಕೈ ನನ್ನ ಒಲಿಗಿ ಬ್ಯಾಡ.”

ಹೊರಗೆ ಕೂತಿದ್ದ ಶಾಂತಲಿಂಗಪ್ಪ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ.

“ಆ ಕೈಲೆ ತಂದ ಪಗಾರ ಮೂವತ್ತ ವರ್ಸ ಉಂಡಿ. ಆ ಕೈ ಮಾಡಿದ ಅಡಗಿ ಉಣ್ಣಂಗಿಲ್ಲೇನು?”

“ಪಗಾರಕ್ಕ ವಾಸನಿ ಇರಂಗಿಲ್ಲ.”

ಸುವರ್ಣಾ ಡಬ್ಬಿ ಎತ್ತಿಕೊಂಡು ಬಾಗಿಲ ಕಡೆ ನಡೆದವಳು ನಿಂತಳು. ಶಾಂತಲಿಂಗಪ್ಪ ದನಿ ಏರಿಸಲಿಲ್ಲ. ಮಂದಿಯ ಮಕ್ಕಳಿಗೆ ಕೇಳಿ ಕೇಳಿ ಉಣಿಸಿದೆ, ಕಟ್ಟಿಕೊಂಡ ಹೆಂಡತಿ ತನ್ನ ಕೈಯ ಒಂದು ತುತ್ತು ಉಂಡಿಲ್ಲ, ಹೀಗೇ ಸಾಯುವುದಕ್ಕೆ ತಾನು ತಯಾರಿಲ್ಲ ಎಂದ. ಇಷ್ಟು ದಿನ ನೌಕರಿ ಇತ್ತು, ಅಪ್ಪನ ಮಾತೂ ಇತ್ತು, ನಡೆಸಿದೆ. ಇನ್ನು ನಡೆಸುವುದಿಲ್ಲ. ಶಾರದಾಬಾಯಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ದಿನದ ರೊಟ್ಟಿಗಳು ಕೈಯ ಸಿಟ್ಟಿಗೆ ಹಪ್ಪಳದಷ್ಟು ತೆಳ್ಳಗಾದವು.

ಅದಾಗಿ ಎರಡು ವಾರಕ್ಕೆ ಅಕ್ಕಲಕೋಟೆಯಲ್ಲಿ ಸಾಕರಪುಡಾ, ಅಂದರೆ ಮದುವೆಯ ನಿಶ್ಚಿತಾರ್ಥ, ಇತ್ತು. ಹುಡುಗಿ ಶಾರದಾಬಾಯಿಯ ತಮ್ಮ ಉದಯಕುಮಾರನ ಮಗಳು ಸಾರಿಕಾ. ಉದಯಕುಮಾರ ನಾಗಣಸೂರಿನವನು, ಈಗ ಸೋಲಾಪುರದ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿಪಲ್ಯೆಯ ಅಡತಿ ಅಂಗಡಿ, ಬಿಳಿ ಶರ್ಟು, ಎರಡು ಮೊಬೈಲು. ಬೀಗರಾಗುವವರು ಅಕ್ಕಲಕೋಟೆಯ ಬಟ್ಟೆ ವ್ಯಾಪಾರಿಗಳು. ಇಡೀ ಮನೆ ಎಸ್‌ಟಿ ಬಸ್ಸು ಹಿಡಿದು ಹೋಯಿತು. ಶಾರದಾಬಾಯಿ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಗಂಡನ ಜೊತೆ ಮಾತಾಡಲಿಲ್ಲ, ಆದರೆ ಅವನ ಅಂಗಿಯ ಕಾಲರ್ ಮಡಚಿದ್ದನ್ನು ಸರಿಮಾಡಿದಳು.

ಮಂಗಲ ಕಾರ್ಯಾಲಯದಲ್ಲಿ ಹುಡುಗಿಗೆ ಸೀರೆ, ಸಕ್ಕರೆ ಪೊಟ್ಟಣ ಕೊಟ್ಟದ್ದಾಯಿತು. ಆಮೇಲೆ ಗಂಡಸರು ಕುರ್ಚಿ ಹಾಕಿಕೊಂಡು ಕೂತು ಪರಿಚಯ ಮಾಡಿಕೊಳ್ಳುವ ಹೊತ್ತು. ಇವರು ಇಂಥ ಬ್ಯಾಂಕಿನಲ್ಲಿದ್ದವರು, ಅವರು ಸಕ್ಕರೆ ಕಾರಖಾನೆಯಲ್ಲಿದ್ದವರು ಎಂದು ಒಬ್ಬೊಬ್ಬರಿಗೂ ಹಳೆಯ ಹುದ್ದೆಯ ಪೇಟ ಸುತ್ತುವುದು ನಡೆದಿತ್ತು. ಹುಡುಗನ ದೊಡ್ಡಪ್ಪ ಕಾಂತೇಶ ಎಂಬ ಹಿರಿಯರು ಶಾಂತಲಿಂಗಪ್ಪನ ಕಡೆ ತಿರುಗಿದಾಗ ಉದಯಕುಮಾರ ತಾನೇ ಮುಂದೆ ಬಿದ್ದ.

“ಇವ್ರು ನಮ್ಮ ದಾಜಿ, ಅಕ್ಕನ ಗಂಡ. ರೇಲ್ವೆದಾಗ ಡಿವಿಜನ್ ಆಫೀಸದಾಗ ದೊಡ್ಡ ಪೋಸ್ಟ್‌ಮ್ಯಾಲಿದ್ರು. ಹೋದ ತಿಂಗಳ ರಿಟೈರ್ ಆದ್ರು.”

ಶಾಂತಲಿಂಗಪ್ಪ ಚಹದ ಕಪ್ಪು ಕೆಳಗಿಟ್ಟ.

“ಆಫೀಸ್ ಅಲ್ರಿ. ರನ್ನಿಂಗ್ ರೂಮಿನಾಗ ಅಡಗಿ ಮಾಡ್ತಿದ್ದೆ. ಡ್ರೈವರ್ ಮಂದಿಗಿ.”

ಉದಯಕುಮಾರ ನಕ್ಕು, ದಾಜಿಯವರದು ಯಾವಾಗಲೂ ಚೇಷ್ಟೆ ಎಂದ. ಚೇಷ್ಟೆ ಅಲ್ಲ ಎಂದ ಶಾಂತಲಿಂಗಪ್ಪ. ಕಾಂತೇಶರು ಕುತೂಹಲಕ್ಕೆ ಏನೇನು ಅಡುಗೆ ಎಂದು ಕೇಳಿದರು. ಅವರು ತಂದದ್ದೆಲ್ಲ, ಕಾಯಿಪಲ್ಯೆ ತಂದರೆ ಕಾಯಿಪಲ್ಯೆ, ಮಟನ್ ತಂದರೆ ಮಟನ್, ತಾನು ಮಾತ್ರ ಉಣ್ಣುವವನಲ್ಲ ಎಂದು ಅವನು ನೆಟ್ಟಗೆ ಹೇಳಿದ. ಕಾಂತೇಶರು “ಹೌದೇನು” ಎಂದು ತಲೆ ಅಲ್ಲಾಡಿಸಿ ಪಕ್ಕದವರನ್ನು ಮಳೆಯ ಬಗ್ಗೆ ಕೇಳಿದರು. ಅಷ್ಟೇ. ಆಕಾಶ ಬೀಳಲಿಲ್ಲ, ಸಾಕರಪುಡಾ ಮುರಿಯಲಿಲ್ಲ, ಎಲ್ಲರೂ ಹೊಟ್ಟೆತುಂಬ ಹುಗ್ಗಿ ಉಂಡರು. ಆದರೆ ಹೆಂಗಸರ ಸಾಲಿನ ತನಕ ಮಾತು ಹೋಗಿ ಮುಟ್ಟಿತ್ತು, ಶಾರದಾಬಾಯಿಯ ಎಡಬಲಕ್ಕೆ ಕೂತವರು ಅವಳ ಮುಖ ನೋಡದ ಹಾಗೆ ನಟಿಸುತ್ತಿದ್ದರು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೈತೊಳೆಯುವಲ್ಲಿ ಉದಯಕುಮಾರ ಅಕ್ಕನನ್ನು ಹಿಡಿದು ಹಲ್ಲು ಕಚ್ಚಿ ಮಾತಾಡಿದ. ಮಾರ್ಕೆಟಿನಲ್ಲಿ ತನಗೊಂದು ಹೆಸರಿದೆ, ದಾಜಿ ಬೀಗರ ಮುಂದೆ ತನ್ನನ್ನು ಸುಳ್ಳುಗಾರ ಮಾಡಿದರು, ಕ್ಷಮೆ ಕೇಳುವ ತನಕ ತನ್ನ ಮನೆಯ ಮೆಟ್ಟಿಲು ಹತ್ತುವುದು ಬೇಡ ಎಂದ. ಸುಳ್ಳು ಹೇಳಿದ್ದು ಯಾರು ಎಂದು ಆ ಹೊತ್ತಿಗೆ ಶಾರದಾಬಾಯಿಗೆ ಹೊಳೆಯಲಿಲ್ಲ. ಮನೆಗೆ ಬಂದವಳೇ ಸೀರೆ ಸಹ ಬದಲಿಸದೆ ಗಂಡನ ಎದುರು ನಿಂತಳು.

“ಉದಯಾಗ ಫೋನ್ ಮಾಡಿ ತಪ್ಪಾತು ಅನ್ರಿ. ಅನ್ನೋತನಕ ಈ ಮನ್ಯಾಗ ನಿಮ್ಗ ತಾಟ ಇಡಂಗಿಲ್ಲ.”

“ಖರೇ ಹೇಳಿದ್ದು ತಪ್ಪು?”

“ಖರೇ ಹೇಳ್ರಿ ಅಂತ ಯಾರು ಕೇಳಿದ್ರು ನಿಮ್ಗ?”

“ಅವ್ರ ಕೇಳಿದ್ರಲ್ಲ. ಏನಿದ್ರಿ ಅಂತ ಕೇಳಿದ್ರು, ಇದ್ದದ್ದು ಹೇಳಿದೆ. ತಾಟ ಇಡಬ್ಯಾಡ. ನನ್ನ ತಾಟ ನಾ ಇಟ್ಕೊತೀನಿ.”

ಮರುದಿನ ಅವನು ಮಂಗಳವಾರಪೇಟೆಗೆ ಹೋಗಿ ಒಂದು ಸಣ್ಣ ಗ್ಯಾಸ್ ಶೆಗಡಿ, ನಾಲ್ಕು ಪಾತ್ರೆ, ಕಾಯಿಪಲ್ಯೆ ಹೆಚ್ಚಿಡಲು ಒಂದು ಪರಾತ ತಂದ. ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕ ಒಂದು ತಗಡಿನ ಪತ್ರಾ ಶೆಡ್ ಇತ್ತು. ಅದರಲ್ಲಿದ್ದ ಹಳೇ ಕೊಡ, ಮುರಿದ ಸೈಕಲ್ ಹೊರಗೆ ಹಾಕಿ, ಸಾರಿಸಿ, ಒಲೆ ಹೂಡಿದ. ಮನೆಯಲ್ಲಿ ಒಲೆ ಬೇರೆಯಾಗುವುದೆಂದರೆ ನಮ್ಮ ಕಡೆ ಅದು ಚಿಕ್ಕ ಮಾತಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಆಡುವ ಮಾತು. ಗಂಡಹೆಂಡಿರ ಒಲೆ ಬೇರೆಯಾದದ್ದನ್ನು ಆ ಗಲ್ಲಿಯಲ್ಲಿ ಯಾರೂ ನೋಡಿರಲಿಲ್ಲ. ಸಿದ್ದೇಶ್ವರ ಮೇಲೆ ಹೋಗಿ, ಮಂದಿ ನಗುತ್ತಾರೆ, ಕೆಳಗೆ ಬಾ ಎಂದ.

“ನಗ್ಲಿ. ನಕ್ಕು ಹಸಿವಾದ್ರ ಕಾಯಿಪಲ್ಯ ತಗೊಂಡು ಮ್ಯಾಲ ಬರ್ಲಿ, ಮಾಡಿ ಕೊಡ್ತೀನಿ,” ಎಂದ ಅಪ್ಪ.

ಅದು ಬರೀ ಮಾತಾಗಲಿಲ್ಲ. ಅವನು ಮಾಳಿಗೆಯ ಮೇಲೆ ರನ್ನಿಂಗ್ ರೂಮಿನ ಪದ್ಧತಿಯನ್ನೇ ತಂದ. ಯಾರಿಗೆ ಬೇಕೋ ಅವರು ಬರಲಿ, ತಮ್ಮ ಕಾಯಿಪಲ್ಯೆ ತಾವೇ ತರಬೇಕು. ತಂದವರಿಗೆ ಬೇರೆ ಪಾತ್ರೆ. ತರದಿದ್ದವರಿಗೆ ಮಗನಾದರೂ ಇಲ್ಲ, ಮೊಮ್ಮಗಳಾದರೂ ಇಲ್ಲ. ಮೊದಲು ಹತ್ತಿದವಳು ಪ್ರಣಿತಾ. ಒಂದೇ ಒಂದು ಆಲೂಗಡ್ಡೆ ಕೈಯಲ್ಲಿ ಹಿಡಿದು ಹೋಗಿ, ಕೆಳಗೆ ಬಂದು “ಮುತ್ಯಾನ ಭಾಜಿ ಏಕದಮ್ ಭಾರಿ” ಎಂದು ಆಯಿ ಶಾರದಾಬಾಯಿಯ ಮುಂದೆಯೇ ಹೇಳಿದಳು. ಆಯಿ ಅವಳಿಗೆ ಕೈ ತೊಳೆದುಕೊಂಡು ಬಾ ಎಂದಳು.

ಎರಡನೆಯವಳು ಸುವರ್ಣಾ. ಕಾರಖಾನೆಯಿಂದ ಬರುವಾಗ ಚವಳಿಕಾಯಿ ತಂದವಳು ಅಡುಗೆಮನೆಗೆ ಹೋಗದೆ ನೇರ ಮೆಟ್ಟಿಲು ಹತ್ತಿದಳು. ಶಾರದಾಬಾಯಿ ಕೆಳಗಿಂದಲೇ ಕೂಗಿ, ನಿನಗೂ ನನ್ನ ಅಡುಗೆ ಬೇಡವಾಯಿತೇನು ಎಂದು ಕೇಳಿದಳು. ಸುವರ್ಣಾ ಅರ್ಧ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಮುಂಜಾನಿಂದ ನಿಂತು ಬಂದೀನ್ರಿ ಅತ್ತಿ. ಯಾರರೆ ಮಾಡಿ ಕೊಡ್ತೀನಿ ಅಂದ್ರ ನಾ ಯಾಕ ಬ್ಯಾಡ ಅನ್ಲಿ? ನಿಮ್ಗೂ ತರ್ತೀನಿ ಅಂದ್ರ ನೀವ ಒಲ್ಲೆ ಅಂತೀರಿ.”

ಸೊಸೆ ಎದುರಾಡಿದ್ದು ಅದೇ ಮೊದಲು. ಶಾರದಾಬಾಯಿ ಕುಕ್ಕರಿನ ಮೇಲೆ ಸಿಟ್ಟು ತೀರಿಸಿಕೊಂಡಳು. ಸಿದ್ದೇಶ್ವರ ಹೆಂಡತಿಯ ಬೆನ್ನಿಗೆ ಅಡಗಿ, ಅಂಗಿಯೊಳಗೆ ಹಿರೇಕಾಯಿ ಮುಚ್ಚಿಟ್ಟುಕೊಂಡು ಕಳ್ಳನ ಹಾಗೆ ಹತ್ತತೊಡಗಿದ. ಹಿರೇಕಾಯಿ ಮುಚ್ಚಿಡುವಂಥ ವಸ್ತುವಲ್ಲ, ಕಾಲರಿನಿಂದ ಅರ್ಧ ಹೊರಗಿರುತ್ತಿತ್ತು. ಆಮೇಲಾಮೇಲೆ ಪಕ್ಕದ ಮನೆಯ ಸುಗಲಾಬಾಯಿ, ಎಮ್ಮೆಯ ಒಡತಿ, ಪುಂಡಿಪಲ್ಯೆ ಕಟ್ಟು ಹಿಡಿದು ಬಂದಳು. ಶ್ರಾವಣ ಬರುವ ಹೊತ್ತಿಗೆ ಆ ಮೆಟ್ಟಿಲ ಮೇಲೆ ಚೀಲ ಹಿಡಿದವರ ಓಡಾಟ ನಿಲ್ಲದಾಯಿತು. ಕೆಳಗಿನ ಅಡುಗೆಮನೆಯಲ್ಲಿ ಶಾರದಾಬಾಯಿ ಒಬ್ಬಳಿಗಾಗಿ ಎರಡು ರೊಟ್ಟಿ ಬಡಿದು, ಶೇಂಗಾ ಹಿಂಡಿ ಹಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಅವಳು ಸೋಲುವ ಹೆಂಗಸಲ್ಲ. ಆದರೆ ಒಬ್ಬಳೇ ಉಣ್ಣುವುದು ಅವಳಿಗೆ ಬಹಳ ಕಷ್ಟವಾಗುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಅಪ್ಪು ಬಂದ. ರಿಟೈರಾದ ಡ್ರೈವರ್, ಗುಡುಗಿನಂಥ ಗಂಟಲು, ಶಾಂತಲಿಂಗಪ್ಪನ ಕೈಯ ಊಟ ಇಪ್ಪತ್ತು ವರ್ಷ ಉಂಡವನು. ಕೈಯಲ್ಲಿ ಕರಿ ಪ್ಲಾಸ್ಟಿಕ್ ಚೀಲ. ಆ ಕರಿ ಚೀಲದಲ್ಲಿ ಏನಿರುತ್ತದೆಂದು ಸೋಲಾಪುರದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಶಾರದಾಬಾಯಿ ಅವನು ಹತ್ತುವುದನ್ನು ನೋಡಿದಳು. ಇವತ್ತು ನನ್ನ ಮನೆಯ ಮೇಲೆ ಅದೂ ಆಗಿಹೋಗುತ್ತದೆ ಎಂದು ಗೋಡೆ ಹಿಡಿದು ಮೆಟ್ಟಿಲ ಬುಡದ ತನಕ ಬಂದು ನಿಂತಳು. ಏನಾದರೂ ಆದರೆ ಒಲೆಯನ್ನೇ ಎತ್ತಿ ರಸ್ತೆಗೆ ಎಸೆಯುವುದೆಂದು ಗಟ್ಟಿ ಮಾಡಿಕೊಂಡಿದ್ದಳು. ಮೇಲಿನ ಮಾತು ಸ್ಪಷ್ಟವಾಗಿ ಕೇಳಿಸಿತು.

“ಏ ಶಾಂತ್ಯಾ, ಅರ್ಧಾ ಕಿಲೋ ಮಟನ್ ಅದ. ವಾಡಿದಾಗ ಮಾಡ್ತಿದ್ದೆಲ್ಲ, ಹಂಗ ಮಾಡು.”

“ಇಲ್ಲಿ ಇಲ್ಲೋ ಅಪ್ಪು.”

“ಯಾಕ? ರಿಟೈರ್ ಆಗಿ ದೇವರಾದಿ ಏನು?”

“ದೇವ್ರೂ ಅಲ್ಲ ದಿಂಡ್ರೂ ಅಲ್ಲ. ಅಲ್ಲಿ ಅದು ನನ್ನ ಡ್ಯೂಟಿ ಇತ್ತು, ಮಾಡೀನಿ, ಅದಕ್ಕ ನನಗ ನಾಚಿಕಿ ಇಲ್ಲ. ಇದು ನನ್ನ ಹೆಂಡ್ತಿ ಮನಿ. ಆಕಿ ಕೆಳಗ ಕುಂತಾಳ. ಆಕಿಗಿ ಆಗಂಗಿಲ್ಲ. ಸುಮ್ಮ ಅದನ್ನ ಮನಿಗಿ ಒಯ್ದು, ಮೆಂತ್ಯಪಲ್ಯ ತಗೊಂಡು ಬಾ.”

ಅಪ್ಪು ಬೈದುಕೊಳ್ಳುತ್ತ ಇಳಿದು ಬಂದ. ಮೆಟ್ಟಿಲ ಬುಡದಲ್ಲಿ ನಿಂತವಳನ್ನು ನೋಡಿ “ನಮಸ್ಕಾರ್ರಿ ವೈನಿ” ಎಂದು ಚೀಲ ಬೆನ್ನ ಹಿಂದೆ ಹಿಡಿದು ಗೋಡೆ ಸವರಿಕೊಂಡು ಹೋದ. ಅರ್ಧ ಗಂಟೆಯಲ್ಲಿ ಮೆಂತ್ಯ ಹಿಡಿದು ಮತ್ತೆ ಬಂದ. ಶಾರದಾಬಾಯಿ ಅಡುಗೆಮನೆಗೆ ಹೋಗಿ ಕೂತಳು. ಜಗಳ ಬಿಡಬೇಕೆಂದು ಅನ್ನಿಸಿತು, ಬಿಡುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ತಾಟು ಇಡುವುದಿಲ್ಲ ಎಂದು ಬಾಯಲ್ಲಿ ಬಂದುಹೋಗಿತ್ತು. ತಮ್ಮನ ಸಿಟ್ಟು ಬೇರೆ ಇತ್ತು.

ಆ ತಮ್ಮ ಮುಂದಿನ ಭಾನುವಾರ ತಾನೇ ಬಂದ. ಕೈಯಲ್ಲಿ ಚೀಲದ ತುಂಬ ಎಳೆ ಬದನೆಕಾಯಿ. ಯಾರ ಮನೆಗೆ ಹೋದರೂ ಮಾರ್ಕೆಟ್ ಯಾರ್ಡಿನ ಕಾಯಿಪಲ್ಯೆ ಹೊತ್ತೊಯ್ಯುವುದು ಅವನ ರೂಢಿ, ಅದಕ್ಕೆ ಕೈಯಿಂದ ಖರ್ಚು ಬರುವುದಿಲ್ಲ. ಹೊರಗಿನ ಕೋಣೆಯಲ್ಲಿ ಕೂತು ನೀರು ಕುಡಿದ. ಮೇಲಿಂದ ನಗು, ಪಾತ್ರೆಯ ಸದ್ದು, ಒಗ್ಗರಣೆಯ ವಾಸನೆ ಬರುತ್ತಿದ್ದವು. ಮನೆಯವರೆಲ್ಲ ಅಲ್ಲಿಯೇ ಇದ್ದರು.

ಸಾರಿಕಾಳ ಮದುವೆ ದೀಪಾವಳಿ ಆದಮೇಲೆ ನಿಶ್ಚಯವಾಗಿದೆ ಎಂದ. ಬೀಗರು ಅಕ್ಕನ ಮನೆಗೂ ಒಂದು ಸಲ ಬಂದು ಹೋಗುತ್ತಾರೆ, ಅಷ್ಟರೊಳಗೆ ಮಾಳಿಗೆಯ ಮೇಲಿನ ಆ ಹೋಟೆಲು ಬಂದಾಗಬೇಕು ಎಂದ. ಶಾರದಾಬಾಯಿ ಸುಮ್ಮನೆ ಕೇಳಿಸಿಕೊಂಡಳು. ಅವನಿಗೆ ಅದು ಒಪ್ಪಿಗೆಯ ಹಾಗೆ ಕಂಡಿತೇನೋ, ಇನ್ನಷ್ಟು ಮುಂದುವರಿದ.

“ಮದಿವ್ಯಾಗ ದಾಜಿನ್ನ ಮುಂದ ಕುಂಡ್ರಸಂಗಿಲ್ಲ ಅಕ್ಕ, ಮೊದಲ ಹೇಳ್ತೀನಿ. ನಾಲ್ಕ ಮಂದಿಯಾಗ ಮತ್ತ ಬಾಯಿ ಬಿಡ್ತಾರ. ಅಷ್ಟು ಅಡಗಿ ಹುಚ್ಚಿದ್ರ ಹಿಂದ ಅಡಗಿ ಮಾಡೋ ಆಚಾರಿ ಮಂದಿ ಜೋಡಿ ನಿಂದ್ರಲಿ, ಪುರಿ ಕರೀಲಿ.”

“ಏನಂದಿ?”

ಅವನು ಮತ್ತೊಮ್ಮೆ ಹೇಳಿದ. ಹೇಳುವಾಗ ಸ್ವಲ್ಪ ನಕ್ಕ.

ಶಾರದಾಬಾಯಿ ಗೋಡೆ ಹಿಡಿದು ಎದ್ದಳು. ಬೈಯುತ್ತಾಳೆಂದು ಅವನು ತಲೆ ಬಗ್ಗಿಸಿದ. ಅವಳು ಟೇಬಲ್ಲಿನ ಮೇಲಿನ ಬದನೆಕಾಯಿ ಚೀಲ ಎತ್ತಿಕೊಂಡಳು.

“ನನ್ನ ಗಂಡಗ ನಾ ಬೈತೀನಿ. ಮೂವತ್ತ ವರ್ಸ ಬೈದೀನಿ, ನಾಳಿಗೂ ಬೈತೀನಿ. ನೀ ಯಾವಾಂವ ಬೈಯಾಕ?”

ಹೇಳಿ ಮೆಟ್ಟಿಲ ಕಡೆ ನಡೆದಳು. ಮೊಣಕಾಲು ಒಂದೊಂದು ಮೆಟ್ಟಿಲಿಗೂ ಜೀವ ತೆಗೆಯಿತು. ಉದಯಕುಮಾರ ಹಿಂದೆಯೇ ಬಂದು, ಅಕ್ಕ ಬಿಡು, ಬೀಳ್ತಿ ಎಂದ. ಕೈ ಹಿಡಿಯಲು ಬಂದವನನ್ನು ಮೊಣಕೈಯಿಂದ ತಳ್ಳಿದಳು. ಪತ್ರಾ ಶೆಡ್ಡಿನ ಬಾಗಿಲಿಗೆ ಬಂದು ಅವಳು ನಿಂತಳು. ಸಿದ್ದೇಶ್ವರ ಬಾಯಲ್ಲಿದ್ದ ತುತ್ತು ಅಗಿಯುವುದನ್ನೇ ಮರೆತ. ಶಾಂತಲಿಂಗಪ್ಪ ಒಲೆಯ ಮುಂದೆ ಮಣೆಯ ಮೇಲೆ ಕೂತಿದ್ದ. ಹೆಂಡತಿಯನ್ನು ನೋಡಿದ, ಅವಳ ಹಿಂದಿದ್ದ ಮೈದುನನನ್ನು ನೋಡಿದ.

ಅವಳು ಚೀಲವನ್ನು ಅವನ ಮುಂದಿನ ಪರಾತಕ್ಕೆ ಸುರುವಿದಳು.

“ನನ್ನ ಕಾಯಿಪಲ್ಯ. ಮಾಡ್ರಿ.”

“ಅಕ್ಕಾ, ಅವು ನಾ ತಂದಿದ್ದು,” ಎಂದ ಉದಯಕುಮಾರ ಬಾಗಿಲಿನಿಂದ.

“ನನಗ ಕೊಟ್ಟಿ, ನನ್ನವಾದ್ವು.”

ಸುವರ್ಣಾ ತಾನು ಕೂತಿದ್ದ ಸ್ಟೂಲು ಅತ್ತೆಗೆ ಕೊಟ್ಟು ಕೆಳಗೆ ಕೂತಳು. ಶಾಂತಲಿಂಗಪ್ಪ ಕೈ ತೊಳೆದುಕೊಂಡ. ನಾಲ್ಕು ಬದನೆಕಾಯಿ ಆರಿಸಿ, ಹುಳ ಇದೆಯೇನೋ ಎಂದು ತಿರುಗಿಸಿ ನೋಡಿ, ತೊಟ್ಟು ಉಳಿಸಿ ಸೀಳಿದ. ಶೇಂಗಾ ಪುಡಿ, ಎಳ್ಳು, ಕರಿ ಮಸಾಲೆ ಹತ್ತಿರ ಎಳೆದುಕೊಂಡ. ಹೊಸ ಪಾತ್ರೆ ಒಲೆಯ ಮೇಲಿಟ್ಟ. ಖಾರದ ಡಬ್ಬಿ ತೆರೆದು ಚಮಚ ಒಳಗಿಟ್ಟು, ಅವನು ತಲೆ ಎತ್ತಿ ಹೆಂಡತಿಯನ್ನು ಕೇಳಿದ.

“ಖಾರ ಎಷ್ಟು?”

ಪ್ರತಿಯೊಬ್ಬ ಡ್ರೈವರನಿಗೂ ಕೇಳುತ್ತಿದ್ದ ಮಾತು ಅದು, ಅವನ ಬಾಯಿಗೆ ತಾನಾಗಿಯೇ ಬಂತು. ತನಗೆ ಎಷ್ಟು ಖಾರ ಬೇಕೆಂದು ಶಾರದಾಬಾಯಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗ ಮಾವನ ಹೊಟ್ಟೆಹುಣ್ಣಿಗೆಂದು ಸಪ್ಪಗೆ ಮಾಡಿದಳು. ಆಮೇಲೆ ಸಿದ್ದೇಶ್ವರ ಸಣ್ಣವನಿದ್ದ, ಅವನಿಗೆಂದು ಸಪ್ಪಗೆ. ಆಮೇಲೆ ಪ್ರಣಿತಾ ಹುಟ್ಟಿದಳು. ಎಲ್ಲರ ನಾಲಿಗೆಯನ್ನೂ ನೆನಪಿಟ್ಟು ಮಾಡಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದು ಉಂಡವಳು. ನಾಗಣಸೂರಿನಲ್ಲಿ ಹುಡುಗಿಯಾಗಿದ್ದಾಗ ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದದ್ದು ಈಗ ನೆನಪಾಯಿತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ನನಗ ಇದು ಯಾರೂ ಕೇಳಿದ್ದಿಲ್ಲ,” ಎಂದಳು.

ಎಣ್ಣೆ ಕಾಯುತ್ತಿತ್ತು.

“ಹಾಕ್ರಿ. ಸಾಕು ಅನ್ನೋತನಕ ಹಾಕ್ರಿ.”

ಅವನು ಒಂದು ಚಮಚ ಹಾಕಿ ನೋಡಿದ. ಅವಳು ಸುಮ್ಮನಿದ್ದಳು. ಇನ್ನೊಂದು ಹಾಕಿದ, ಸುಮ್ಮನಿದ್ದಳು. ಮೂರನೆಯದಕ್ಕೆ ಪ್ರಣಿತಾ ಬಾಯಿ ಮುಚ್ಚಿಕೊಂಡು ನಕ್ಕಳು, ಸುವರ್ಣಾ ಅತ್ತಿ ಖಾರ ಆಗ್ತದ್ರಿ ಎಂದಳು. ಶಾರದಾಬಾಯಿ ಸೊಸೆಯ ಕಡೆ ನೋಡಲೂ ಇಲ್ಲ. ಕೊನೆಗೊಮ್ಮೆ ಕೈ ಎತ್ತಿದಾಗ ಅವನು ಡಬ್ಬಿ ಮುಚ್ಚಿದ.

ಬದನೆಕಾಯಿ ಬೇಯುವ ತನಕ ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ಉದಯಕುಮಾರ ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಶಾಂತಲಿಂಗಪ್ಪ ತಾಟಿನಲ್ಲಿ ರೊಟ್ಟಿ ಇಟ್ಟು, ಎಣ್ಣೆ ತೇಲುವ ಎರಡು ಬದನೆಕಾಯಿ ಬಡಿಸಿ, ಎರಡೂ ಕೈಯಿಂದ ಅವಳಿಗೆ ಕೊಟ್ಟ. ಅವಳು ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಳು. ಮೂಗಿನ ಮೇಲೆ ಬೆವರು ಬಂತು, ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಇನ್ನೊಂದು ತುತ್ತು ಮುರಿದಳು. ಗಂಡ ಅವಳ ಬಾಯನ್ನೇ ನೋಡುತ್ತಿದ್ದ, ಸಣ್ಣ ಹುಡುಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ. ಅವಳು ಅವನಿಗೆ ಚೆನ್ನಾಗಿದೆ ಎನ್ನಲಿಲ್ಲ, ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ಬಾಗಿಲ ಕಡೆ ತಿರುಗದೆಯೇ ತಮ್ಮನಿಗೆ ಹೇಳಿದಳು.

“ಉದಯಾ, ಮದಿವ್ಯಾಗ ಇವ್ರನ್ನ ಎಲ್ಲಿ ನಿಂದ್ರಸ್ತಿ ನನ್ನೂ ಅಲ್ಲೇ ನಿಂದ್ರಸು. ಆಚಾರಿ ಮಂದಿ ಜೋಡಿ ಅಂದ್ರ ಅಲ್ಲೇ. ನಿನ್ನ ಬೀಗರು ಬಂದು ಕೇಳಿದ್ರ ನಾ ಹೇಳ್ತೀನಿ, ಇವ್ರು ನನ್ನ ಗಂಡ, ಅಡಗಿ ಮಾಡ್ತಿದ್ರು ಅಂತ.”

ಉದಯಕುಮಾರ ಏನೋ ಅನ್ನಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಬದನೆಕಾಯಿ ಬಡಿಸಲೆಂದು ತಾಟನ್ನು ಗಂಡನ ಮುಂದೆ ಚಾಚಿದ್ದಳು.